ಬಿತ್ತುವಟ್ಟದಿಂದ ಹಸಿರುಪಟ್ಟಿಗೆ: ಬಸವನಗುಡಿ ದಿಣ್ಣೆಯ ನೀರು, ನೆಲ ಮತ್ತು ಆಳುವವರ ಆಸರೆ

ಉಳುಮೆ ನಡೆಯುತ್ತಿರುವವರೆಗೆ ಸುತ್ತಲಿನ ನೀರು, ಮಣ್ಣು, ಗಿಡಮರಗಳು ನೆಟ್ಟಗಿದ್ದು, ಉಳುಮೆ ನಿಂತರೆ ಅಥವಾ ಅದರ ಕ್ರಮ ಬದಲಾದರೆ ಅವೂ ಕೆಡುವಂತಹ ಭೂಮಿಯನ್ನು ಪರಿಸರ ಸೂಕ್ಷ್ಮ ಕೃಷಿಭೂಮಿ ಎನ್ನುತ್ತಾರೆ. ಅಂತಹ ಭೂಮಿಯನ್ನು ಇದ್ದಂತೆಯೇ ಕಾಪಾಡಿಕೊಂಡು ಬರುವ ರೈತನಿಗೆ ಸರ್ಕಾರದ ಬೊಕ್ಕಸದಿಂದ ಹಣ ಸಲ್ಲಬೇಕೆಂಬ ನೀತಿಯನ್ನು ಬ್ರಿಟನ್ 1986ರ ಕೃಷಿ ಕಾಯಿದೆಯಲ್ಲಿ ಸೇರಿಸಿ ಮರುವರ್ಷದಿಂದ ಜಾರಿಗೆ ತಂದಿತು. ಅಮೆರಿಕ ಅದಕ್ಕೂ ಒಂದು ವರ್ಷ ಮೊದಲು, ಮಣ್ಣು ಕೊಚ್ಚಿಹೋಗುತ್ತಿದ್ದ ಹೊಲಗಳನ್ನು ಹತ್ತು ಹದಿನೈದು ವರ್ಷ ಹುಲ್ಲಿಗೂ ಮರಗಳಿಗೂ ಬಿಡಲೊಪ್ಪುವ ರೈತರಿಗೆ ಗುತ್ತಿಗೆಯ ಹಣ ಕೊಡುವ ಯೋಜನೆಯನ್ನು ಆರಂಭಿಸಿತ್ತು. ಇವೆರಡನ್ನೂ ಇಪ್ಪತ್ತನೆಯ ಶತಮಾನದ ಪರಿಸರ ಪ್ರಜ್ಞೆಯ ಫಲವೆಂದು ಬಣ್ಣಿಸುವುದು ವಾಡಿಕೆ. ಆದರೆ ಭೂಮಿಯ ಹಿತಕ್ಕಾಗಿ ದುಡಿಯುವವನಿಗೆ ಆಳುವವರು ಪ್ರತಿಫಲ ಕೊಡುವ ಏರ್ಪಾಟು ಕರ್ನಾಟಕದ ಶಾಸನಗಳಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಕಾಣಸಿಗುತ್ತದೆ. ಅದರ ಉದ್ದೇಶ ಪರಿಸರ ರಕ್ಷಣೆಯಾಗಿರಲಿಲ್ಲ, ಕಂದಾಯದ ರಕ್ಷಣೆಯಾಗಿತ್ತು, ಆದರೂ ಅದರ ರಚನೆಯಲ್ಲಿ ಇಂದಿನ ಯೋಜನೆಗಳಲ್ಲಿಲ್ಲದ ಒಂದು ಬಿಗಿತವಿತ್ತು. ಆ ಏರ್ಪಾಟು ಹೇಗೆ ನಡೆಯಿತು, ಯಾವಾಗ ಸಡಿಲಗೊಂಡಿತು, ಅದರ ಜಾಗಕ್ಕೆ ಏನು ಬಂದಿತು ಎಂಬುದನ್ನು ತಿಳಿಯಲು ಬೆಂಗಳೂರಿನ ಬಸವನಗುಡಿಯಷ್ಟು ಅನುಕೂಲವಾದ ನೆಲೆ ಬೇರೆ ಸಿಗುವುದು ಕಷ್ಟ.

ಬಸವನಗುಡಿ ಒಂದು ದಿಣ್ಣೆಯ ಮೇಲಿದೆ. ಅಲ್ಲಿನ ಕಹಳೆ ಬಂಡೆಯೂ, ಅದರ ಪೂರ್ವಕ್ಕಿರುವ ಲಾಲ್‌ಬಾಗಿನ ಬಂಡೆಯೂ ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆಯ ಹೊರಚಾಚುಗಳು. ಈ ದಿಣ್ಣೆ ಸಾಲಿನ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆಗಿಳಿದು ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಲಾಲ್‌ಬಾಗಿನ ಕೆರೆಯ ಕಡೆಯಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯನ್ನು ಹಿಡಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ವೃಷಭಾವತಿ ಹುಟ್ಟುವುದು ಇಲ್ಲಿನ ಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಎಂಬ ಸ್ಥಳೀಯ ನಂಬಿಕೆ ನದಿಯ ಹೆಸರನ್ನು ವಿವರಿಸುವುದಷ್ಟೇ ಅಲ್ಲ, ಭೂಗೋಳದ ಒಂದು ಸತ್ಯವನ್ನೂ ಹಿಡಿದಿಟ್ಟುಕೊಂಡಿದೆ: ಇದು ನೀರು ಬರುವ ಜಾಗವಲ್ಲ, ನೀರು ಹೊರಡುವ ಜಾಗ. ತುಂಬಿ ಹರಿಯುವ ನದಿಯಿಲ್ಲದ, ಬಿದ್ದ ಮಳೆ ತಡೆಯಿಲ್ಲದೆ ಇಳಿದುಹೋಗುವ ಇಂತಹ ನೆಲದಲ್ಲಿ ಸಾಗುವಳಿ ಮಾಡಬೇಕಾದರೆ ಪ್ರತಿಯೊಂದು ತಗ್ಗಿಗೂ ಅಡ್ಡಲಾಗಿ ಏರಿ ಕಟ್ಟಿ ನೀರನ್ನು ನಿಲ್ಲಿಸದೆ ವಿಧಿಯಿರಲಿಲ್ಲ.

ಆದ್ದರಿಂದಲೇ ದಿಣ್ಣೆಯ ಸುತ್ತಿನ ಹಳ್ಳಿಗಳಲ್ಲಿ ಭೂಮಿ ಎತ್ತರಕ್ಕೆ ತಕ್ಕಂತೆ ಮೂರು ಬಗೆಯಾಗಿ ಹಂಚಿಹೋಗಿತ್ತು. ನೆತ್ತಿಯ ಕೆಮ್ಮಣ್ಣು ಬೆದ್ದಲು, ಅಂದರೆ ಮಳೆಯನ್ನೇ ನಂಬಿದ ಹೊಲ, ರಾಗಿ, ಹುರುಳಿ, ಅವರೆಗಳಿಗೂ ಮುಂದೆ ಕಡಲೆಕಾಯಿಗೂ ಒಗ್ಗಿದ್ದು, ಕಂದಾಯದ ಭಾಷೆಯಲ್ಲಿ ಖುಷ್ಕಿ ಎನಿಸಿಕೊಂಡಿತು. ಇಳಿಜಾರಿನಲ್ಲಿ ಬಾವಿ ತೋಡಿ ಏತದಿಂದಲೋ ಕಪಿಲೆಯಿಂದಲೋ ನೀರೆತ್ತಿ ತರಕಾರಿ, ಹೂವು, ವೀಳ್ಯದೆಲೆ ಬೆಳೆಯುವ ತೋಟಗಳಿದ್ದವು, ಇದು ಬಾಗಾಯ್ತು. ಏರಿಯ ಕೆಳಗೆ, ತೂಬಿನಿಂದ ಹರಿದು ಬಂದ ನೀರು ತಾನಾಗಿ ಮುಟ್ಟುವಷ್ಟು ನೆಲ ಅಚ್ಚುಕಟ್ಟು. ಅಲ್ಲಿನ ಗದ್ದೆಗಳು ತರಿ. ಈ ಮೂರೂ ಒಂದರ ಮೇಲೊಂದು ಆತುಕೊಂಡಿದ್ದವು. ಮೇಲಿನ ಬೆದ್ದಲನ್ನು ಅಡ್ಡಗೆರೆ ಹಿಡಿದು ಉತ್ತು ಬದು ಹಾಕಿದರೆ ಕೆರೆಗೆ ಹೂಳು ಕಡಿಮೆ, ಕೆರೆ ತುಂಬಿದರೆ ಕೆಳಗಿನ ಬಾವಿಗಳಲ್ಲಿ ನೀರು, ಗದ್ದೆಯಲ್ಲಿ ಕೃಷಿ ನಡೆದರೆ ಕಾಲುವೆಯಲ್ಲಿ ಹೂಳು ತೆಗೆಯಲು ಆಳು. ಒಂದು ಕೆರೆಯ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ಜಾಗ, ಕೆಳಗಿನ ಕೆರೆಗೆ ನೀರು ಕೊಡುತ್ತಿದ್ದುದರಿಂದ ಮೇಲಿನ ಊರಿನ ಅಸಡ್ಡೆ ಕೆಳಗಿನ ಐದಾರು ಊರುಗಳ ಅನ್ನಕ್ಕೆ ಕಲ್ಲು ಹಾಕಬಲ್ಲದಾಗಿತ್ತು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಆರ್. ಎಚ್. ಸ್ಯಾಂಕಿ 1866ರಲ್ಲಿ ಈ ಕೆರೆಸರಣಿಯನ್ನು ವಿವರಿಸುತ್ತ, ಹಳೆಯ ಕೆರೆಯೊಂದರ ಪಾಲಿನ ನೀರಿಗೋ ನೆಲಕ್ಕೋ ತೊಡಕಾಗದಂತೆ ಹೊಸ ಕೆರೆಗೆ ಜಾಗ ಹುಡುಕುವುದು ಸುಲಭವಲ್ಲವೆಂಬ ಅಭಿಪ್ರಾಯಕ್ಕೆ ಬಂದದ್ದು ಇದೇ ಕಾರಣದಿಂದ.

ಇಷ್ಟು ನಾಜೂಕಾದ ವ್ಯವಸ್ಥೆಯನ್ನು ಕಾಯುವ ಹೊಣೆ ಯಾರದು, ಅದಕ್ಕೆ ವೆಚ್ಚ ಎಲ್ಲಿಂದ ಎಂಬ ಪ್ರಶ್ನೆಗೆ ಮಧ್ಯಕಾಲದ ಅರಸರು ಕೊಟ್ಟ ಉತ್ತರ ಭೂದಾನ. ಕೆರೆ ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ಮತ್ತೆ ಕಟ್ಟಿದವನಿಗೆ ಆ ಕೆರೆಯ ಕೆಳಗಿನ ನೆಲದಲ್ಲಿಯೋ ಅದರ ಬೆಳೆಯಲ್ಲಿಯೋ ಒಂದು ಪಾಲನ್ನು ಬಿಟ್ಟುಕೊಡುವುದಕ್ಕೆ ಗಂಗರ, ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಹೆಸರಿದೆ. ಮುಂದೆ ಇದೇ ಬಗೆಯ ದತ್ತಿಗೆ ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಮಾತುಗಳು ಬಳಕೆಗೆ ಬಂದವು. ಕೊಡಗೆ ಅಥವಾ ಕೊಡಗಿ ಎಂದರೆ ತೆರಿಗೆಯಿಲ್ಲದೆ ಅಥವಾ ಹಗುರವಾದ ತೆರಿಗೆಗೆ ಕೊಟ್ಟ ಭೂಮಿ. ದಶವಂದ ಎಂಬುದು ಹತ್ತರಲ್ಲೊಂದು ಪಾಲನ್ನು ಸೂಚಿಸುವ ಇದರದೇ ಇನ್ನೊಂದು ರೂಪ. ವಿಜಯನಗರದ ಕಾಲದ ಶಾಸನಗಳು ಇನ್ನೂ ವಿವರಕ್ಕಿಳಿದು, ಹೂಳು ಹೊರುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಬಂಡಿ ಹೊಡೆಯುವವನಿಗೆ ಇಂತಿಷ್ಟು ಗದ್ದೆಯೆಂದು ಗೊತ್ತುಮಾಡುವುದುಂಟು.

ಬೆಂಗಳೂರಿನ ಸೀಮೆಯಲ್ಲಿ ಇದಕ್ಕೆ ಸಿಗುವ ಹಳೆಯ ಸಾಕ್ಷ್ಯ ಅಗರದ ಶಾಸನ. ಲಾಲ್‌ಬಾಗಿನ ಕಡೆಯಿಂದ ಇಳಿದ ನೀರಿನದೇ ಕಣಿವೆಯಲ್ಲಿರುವ ಈ ಊರಿನಲ್ಲಿ, ಸುಮಾರು ಕ್ರಿ.ಶ. 870ರಲ್ಲಿ, ಗಂಗರ ಆಳ್ವಿಕೆಯಲ್ಲಿ, ಇರುಗಮಯ್ಯನ ಮಗ ಸಿರಿಮಯ್ಯನೆಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ದಿಕ್ಕಿನಲ್ಲಿ ಮತ್ತೊಂದು ಕೆರೆ ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಶಾಸನ ದಾಖಲಿಸುತ್ತದೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಇಂತಹ ಶಾಸನಗಳಿಗೆಲ್ಲ ಆಕರ. ಅಗರದ ಬರಹದಲ್ಲಿ ಗಮನಿಸಬೇಕಾದ ಸಂಗತಿ ಪ್ರತಿಫಲ ಬಂದದ್ದು ಎಲ್ಲಿಂದ ಎಂಬುದು. ಅರಸನ ಭಂಡಾರದಿಂದ ಹೊನ್ನು ಬಂದಿದ್ದರೆ ಕೆರೆ ಕಟ್ಟಿದವನಿಗೆ ಮರುವರ್ಷದಿಂದ ಕೆರೆಯ ಚಿಂತೆ ಬೇಕಿರಲಿಲ್ಲ. ಆದರೆ ಬಿತ್ತುವಟ್ಟದ ಗದ್ದೆಯಿದ್ದುದು ಅದೇ ಏರಿಯ ಕೆಳಗೆ, ಅದು ಕುಡಿಯುತ್ತಿದ್ದುದು ಅದೇ ತೂಬಿನ ನೀರನ್ನು. ತೂಬು ಕೆಟ್ಟರೆ, ಏರಿ ಒಡೆದರೆ, ಅಂಗಳದಲ್ಲಿ ಹೂಳು ಏರಿದರೆ ಸಿರಿಮಯ್ಯನ ವಂಶದವರ ಆದಾಯವೂ ಬತ್ತುತ್ತಿತ್ತು. ತನಿಖಾಧಿಕಾರಿ, ದಂಡ, ವರದಿ ಇವು ಯಾವುವೂ ಇಲ್ಲದೆ ಕೆಲಸ ನಡೆಯುವಂತೆ ಮಾಡುವ ಈ ಯುಕ್ತಿ ಯಾರ ತಲೆಯಲ್ಲಿ ಮೊದಲು ಹೊಳೆದಿರಲಿ, ಆಡಳಿತದ ಇತಿಹಾಸದಲ್ಲಿ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಇದರ ಜೊತೆಗೆ ಇಡೀ ಸೀಮೆಯಲ್ಲಿ ದೇವಸ್ಥಾನಗಳಿಗೆ ಬಿಟ್ಟ ಭೂಮಿಯೂ ಅಪಾರವಾಗಿತ್ತು, ಆದರೆ ಅದರ ಸ್ವರೂಪ ಬೇರೆ. ಮಲ್ಲೇಶ್ವರದ ಕಾಡು ಮಲ್ಲಿಕಾರ್ಜುನ ದೇವಾಲಯದ 1669ರ ಶಾಸನದ ಪ್ರಕಾರ ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ಆ ದೇವರಿಗೆ ದತ್ತಿಯಾಗಿ ಕೊಟ್ಟನು. ಅಲ್ಲಿ ಊರಿನ ಹುಟ್ಟುವಳಿ ದೇವರ ಪೂಜೆಗೆ ಸಲ್ಲಬೇಕೆಂಬುದು ಕಟ್ಟಳೆಯೇ ಹೊರತು, ನೆಲವನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಷರತ್ತಲ್ಲ. ಎರಡನ್ನೂ ಇನಾಮು ಎಂಬ ಒಂದೇ ಹೆಸರಿನಡಿ ತಂದದ್ದು ಮುಂದಿನ ಕಾಲದ ಕಂದಾಯದ ಲೆಕ್ಕಾಚಾರ; ಆ ಗೊಂದಲದ ಬೆಲೆಯನ್ನು ಕೆರೆಗಳು ತೆತ್ತವು.

ಒಂದನೆಯ ಕೆಂಪೇಗೌಡನು 1537ರ ಸುಮಾರಿಗೆ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದಾಗ ಪೇಟೆಗೆ ನೀರಿನ ನೆಲೆ ಒದಗಿಸುವುದು ಅವನ ಮೊದಲ ಚಿಂತೆಗಳಲ್ಲೊಂದಾಗಿತ್ತು. ದಿಣ್ಣೆಯ ಪಶ್ಚಿಮದ ಇಳಿಜಾರಿನಲ್ಲಿ, ಗವಿಪುರದ ಬಳಿಯ ಕೆಂಪಾಂಬುಧಿ ಕೆರೆ ಆ ಚಿಂತೆಯ ಫಲ. ಕೆಂಪೇಗೌಡರ ನಾಲ್ಕು ಗೋಪುರಗಳಲ್ಲೊಂದು ಅದರ ದಡದಲ್ಲಿದ್ದರೆ ಮತ್ತೊಂದು ಲಾಲ್‌ಬಾಗಿನ ಬಂಡೆಯ ಮೇಲಿದೆ. ಕೆಂಪಾಂಬುಧಿಯ ಕೋಡಿಯ ನೀರು ವೃಷಭಾವತಿಗೆ ಹೋಗುತ್ತಿತ್ತು. ಇಂದಿನ ಬಸವನಗುಡಿಗೆ ಆಗ ಸುಂಕೇನಹಳ್ಳಿ ಎಂದು ಹೆಸರು. ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳು ಅದರ ನೆರೆಯ ಊರುಗಳು. ಈ ಊರುಗಳ ಹೊಲಗಳಿಗೆ ಹುಣ್ಣಿಮೆಯ ರಾತ್ರಿಗಳಲ್ಲಿ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ಶಾಂತಗೊಳಿಸಲು ಗುಡಿ ಕಟ್ಟಿ, ಮೊದಲ ಫಸಲನ್ನು ಅರ್ಪಿಸುವ ಹರಕೆ ಹೊತ್ತರೆಂಬ ಕಥೆಯಿಂದ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಹುಟ್ಟು ಹೇಳುತ್ತಾರೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳ ಕಾಲಕ್ಕಿಂತ ಮುಂಚೆ ಅದು ಇಲ್ಲಿಗೆ ಬಂದಿರಲಾರದು, ಈ ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯತೊಡಗಿದ್ದು ಇನ್ನೂ ಬಹಳ ಈಚೆಗೆ. ಹಾಗಾಗಿ ಕಥೆಯಲ್ಲಿನ ಬೆಳೆ ಕಾಲಾಂತರದಲ್ಲಿ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಅದರಿಂದ ಕಥೆಗೇನೂ ಕುಂದಿಲ್ಲ: ದಿಣ್ಣೆಯ ನೆತ್ತಿ ಬೆದ್ದಲಾಗಿತ್ತು, ಅಲ್ಲಿ ದನದ ಕಾಟದಿಂದ ಫಸಲು ಕಾಯುವುದು ರೈತರ ನಿತ್ಯದ ತಲೆನೋವಾಗಿತ್ತು ಎಂಬಷ್ಟನ್ನು ಅದು ನಂಬಿಕೆಗೆ ಯೋಗ್ಯವಾಗಿ ಹೇಳುತ್ತದೆ.

ಹಳೆಯ ಏರ್ಪಾಟನ್ನು ಹೊಗಳುವಾಗ ಅದರ ಕೆಳಹಂತದಲ್ಲಿ ದುಡಿದವರನ್ನು ಮರೆಯುವುದು ಕೆರೆ ಸಾಹಿತ್ಯದ ಸಾಮಾನ್ಯ ದೋಷ. ಕೊಡಗೆ ಪಡೆದವರು ಗೌಡರು, ನಾಯಕರು, ಬ್ರಾಹ್ಮಣರು, ವರ್ತಕರು; ಏರಿಗೆ ಮಣ್ಣು ಹೊತ್ತವರು ಒಡ್ಡರು; ತೂಬು ಎತ್ತಿ ಇಳಿಸಿ, ಗದ್ದೆಯಿಂದ ಗದ್ದೆಗೆ ನೀರು ಹಾಯಿಸಿ, ಮಳೆಗಾಲದ ರಾತ್ರಿಗಳಲ್ಲಿ ಏರಿ ಬಿರುಕು ಬಿಡುತ್ತದೆಯೇ ಎಂದು ಕಾದವನು ನೀರಗಂಟಿ. ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ಸೇರಿದ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಕೊಡುವ ಕಾಳಿನ ಪಾಲು, ಅಂದರೆ ಆಯ, ಮತ್ತು ಕೆಲವು ಊರುಗಳಲ್ಲಿ ತುಂಡು ಇನಾಮು ಭೂಮಿ ಸಲ್ಲುತ್ತಿತ್ತು. ಬರದ ವರ್ಷದಲ್ಲಿ ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ಜಾರಿಗೆ ತರುವವನು ಸ್ವಂತ ಜಮೀನಿಲ್ಲದವನೇ ಆಗಿದ್ದರೆ ಪಕ್ಷಪಾತ ನಡೆಯುವುದಿಲ್ಲವೆಂಬ ಎಣಿಕೆ ಅದರ ಹಿಂದಿತ್ತು. ಜಾಣತನದ ಎಣಿಕೆ ನಿಜ, ಆದರೆ ಅವನನ್ನು ಸ್ವಂತ ಭೂಮಿಯಿಲ್ಲದವನನ್ನಾಗಿಯೇ ಇರಿಸಿದ್ದು ಕೂಡ ಅದೇ. ಏರಿ ಒಡೆದಾಗ ಊರಿನ ಕೂಲಿಗಳನ್ನು ಬಿಟ್ಟಿ ದುಡಿಮೆಗೆ ಎಳೆಯುತ್ತಿದ್ದುದೂ ಉಂಟು.

1799ರ ನಂತರ ದಿವಾನ್ ಪೂರ್ಣಯ್ಯನವರು ಯುದ್ಧಗಳಲ್ಲಿ ಹಾಳಾದ ಕೆರೆಗಳ ದುರಸ್ತಿಗೆ ಗಣನೀಯವಾಗಿ ವೆಚ್ಚ ಮಾಡಿದರು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರಾಗಿ ಹೊಲಗಳ ಉಳುಮೆಯನ್ನೂ ತೋಟಗಳನ್ನೂ ವಿವರವಾಗಿ ಬರೆದಿಟ್ಟನು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷ್ ಕಮಿಷನರುಗಳು ವಹಿಸಿಕೊಂಡ ಮೇಲೆ ಮೂವತ್ತು ನಲವತ್ತು ವರ್ಷಗಳ ಅಂತರದಲ್ಲಿ ಮೂರು ಕ್ರಮಗಳು ಒಂದಾದ ಮೇಲೊಂದು ಬಂದವು, ಹಳೆಯ ಗಂಟು ಬಿಚ್ಚಿದ್ದು ಅವುಗಳಿಂದ. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿ ಕೆರೆಯ ದುರಸ್ತಿ ಇಂಜಿನಿಯರರ ಕೆಲಸವಾಯಿತು. 1863ರಿಂದ ಮುಂಬಯಿ ಪದ್ಧತಿಯ ಅಳತೆ ಮತ್ತು ಕಂದಾಯ ನಿಗದಿ ಆರಂಭವಾಗಿ, ಪ್ರತಿ ಹೊಲಕ್ಕೂ ನಂಬರು ಬಿದ್ದು, ರೈತನು ಸರ್ಕಾರಕ್ಕೆ ನೇರವಾಗಿ ಹಣದಲ್ಲಿ ಕಂದಾಯ ಕಟ್ಟುವ ಬಿಡಿ ಹಿಡುವಳಿದಾರನಾದನು. ಕೆರೆ, ಕಾಲುವೆ, ದಾರಿಗಳಂತಹ ಕಂದಾಯ ಬಾರದ ನೆಲ ಖರಾಬು ಎಂಬ ವರ್ಗಕ್ಕೆ ಹೋಯಿತು. ಮೂರನೆಯದು ಲೂಯಿ ಬೌರಿಂಗ್ ಕಮಿಷನರಾಗಿದ್ದಾಗ 1866ರಲ್ಲಿ ಕೈಗೊಂಡ ಇನಾಮು ವಿಚಾರಣೆ. 1868ರ ನಿಯಮಗಳ ಪ್ರಕಾರ ಇನಾಮುದಾರರ ಸನ್ನದುಗಳನ್ನು ಪರಿಶೀಲಿಸಿ, ಹಲವರ ಭೂಮಿಗೆ ಜೋಡಿ ಎಂಬ ರಿಯಾಯಿತಿ ಕಂದಾಯವನ್ನು ಕಟ್ಟಿ, ಅವರ ಹಕ್ಕನ್ನು ಕಾಯಂ ಮಾಡಲಾಯಿತು.

ಕಾಗದದ ಮೇಲೆ ಇವೆಲ್ಲ ಸುಧಾರಣೆಗಳೇ. ಸನ್ನದಿಲ್ಲದೆ ಭೂಮಿ ಅನುಭವಿಸುತ್ತಿದ್ದವರು ಕಡಿಮೆಯಿರಲಿಲ್ಲ, ಕೆರೆ ಹಾಳುಬಿದ್ದು ತಲೆಮಾರುಗಳೇ ಕಳೆದರೂ ಕೆರೆಗೊಡಗೆಯನ್ನು ಉಣ್ಣುತ್ತಿದ್ದವರೂ ಇದ್ದರು. ಆದರೆ ಹಣ ಕಟ್ಟಿದರೆ ಹಕ್ಕು ಗಟ್ಟಿಯಾಗುತ್ತದೆ ಎಂದಾದ ಮೇಲೆ ಕೊಡಗೆಯ ಭೂಮಿಗೂ ಕೆರೆಯ ಏರಿಗೂ ಇದ್ದ ನಂಟು ಕ್ರಮೇಣ ನೆನಪಿನ ಮಾತಾಯಿತು. ಕೆರೆಯ ಹೊಣೆ ಸರ್ಕಾರದ್ದೆಂದು ಊರವರು, ಸಣ್ಣ ಕೆರೆಗಳ ಹೊಣೆ ಊರವರದೆಂದು ಸರ್ಕಾರ ಪರಸ್ಪರ ಬೆರಳು ತೋರಿಸುವ ಕಾಲ ಆಗ ಶುರುವಾಯಿತು. 1876–78ರ ಮಹಾಕ್ಷಾಮದ ಹೊತ್ತಿಗೆ ಎಷ್ಟೋ ಕೆರೆಗಳು ಹೂಳು ತುಂಬಿ ನಿಂತಿದ್ದವು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರ ಜನಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಮಳೆ ಬಾರದಿದ್ದುದು ಕ್ಷಾಮದ ಮುಖ್ಯ ಕಾರಣವೆಂಬುದರಲ್ಲಿ ಅನುಮಾನವಿಲ್ಲ, ಆದರೆ ಕೆರೆಗಳ ಸ್ಥಿತಿ ಅದನ್ನು ತಾಳಿಕೊಳ್ಳುವ ಬಲವನ್ನು ಮೊದಲೇ ಕುಂದಿಸಿತ್ತು. ಹೋದದ್ದನ್ನು ಹಿಂದಕ್ಕೆ ತರುವ ಪ್ರಯತ್ನವಾಗಿ ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿ ರೆಗ್ಯುಲೇಷನ್ ಜಾರಿಗೊಳಿಸಿ, ಅಚ್ಚುಕಟ್ಟಿನ ರೈತರ ಪಂಚಾಯಿತಿಗೆ ಕೆರೆಯ ಉಸ್ತುವಾರಿ ವಹಿಸಲು ನೋಡಿತು. ಹೊಣೆಯನ್ನು ಹಿಂತಿರುಗಿಸಿದ ಆ ಕಾನೂನು ಅದರ ಬೆನ್ನಿಗಿದ್ದ ಭೂಮಿಯನ್ನು ಹಿಂತಿರುಗಿಸಲಿಲ್ಲ. ಪಂಚಾಯಿತಿಗಳು ಹೆಚ್ಚು ಕಡೆ ಬೇರೂರಲಿಲ್ಲ ಎಂಬುದರಲ್ಲಿ ಅಚ್ಚರಿಯೇನೂ ಇಲ್ಲ.

ಅಷ್ಟರಲ್ಲಿ ಬಸವನಗುಡಿಯ ದಿಣ್ಣೆಯಲ್ಲಿ ಕಾಯಬೇಕಾದ ಕೃಷಿಭೂಮಿಯೇ ಕರಗತೊಡಗಿತ್ತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಅದೇ ದಶಕದ್ದು. 1898ರ ಆಗಸ್ಟಿನಲ್ಲಿ ಪೇಟೆಯೊಳಗೆ ಪ್ಲೇಗು ಕಾಣಿಸಿಕೊಂಡ ಮೇಲೆ ಗಾಳಿ ಬೆಳಕಿನ ವಿಶಾಲವಾದ ಬಡಾವಣೆಗಳಿಗೆ ಜನ ಧಾವಿಸಿದರು. ಎತ್ತರದ, ನೀರು ನಿಲ್ಲದ ಒಣ ನೆಲವೆಂಬ ಕಾರಣಕ್ಕೆ ಸುಂಕೇನಹಳ್ಳಿಯ ಬೆದ್ದಲು ಮನೆ ಕಟ್ಟಲು ಪ್ರಶಸ್ತವೆನಿಸಿತು. ಇದೇ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಗಳಲ್ಲಿ ಕುಡಿಯುವ ನೀರು ಊರಿಗೆ ಬಂದದ್ದು ಕೆರೆಗಳ ಪಾಲಿಗೆ ಇನ್ನೂ ದೊಡ್ಡ ಪೆಟ್ಟು. ಅದಕ್ಕಿಂತ ಮುಂಚೆ, 1882ರಲ್ಲಿ, ಮಲ್ಲೇಶ್ವರದ ಪಕ್ಕದಲ್ಲಿ ಕಟ್ಟಿದ ಸ್ಯಾಂಕಿ ಕೆರೆಯಲ್ಲಿಯೇ ಈ ಬದಲಾವಣೆಯ ಮುನ್ಸೂಚನೆಯಿತ್ತು: ಅದು ನಗರದ ನೀರಿನ ಅಗತ್ಯಕ್ಕಾಗಿ ಇಲಾಖೆ ಕಟ್ಟಿದ ಕೆರೆ, ಗದ್ದೆಗಳಿಗಾಗಿ ಊರು ಕಟ್ಟಿಕೊಂಡ ಕೆರೆಯಲ್ಲ. ಅಚ್ಚುಕಟ್ಟಿಲ್ಲದ ಕೆರೆಗೆ ರೈತರ ಕಾವಲೂ ಇರುವುದಿಲ್ಲ.

ಕೊಳವೆಯ ನೀರು ಬಂದ ಮೇಲೆ ಹಳೆಯ ಕೆರೆಗಳು ಸೊಳ್ಳೆಯ ತಾಣಗಳಾಗಿಯೂ ಬರಿದೆ ಬಿದ್ದ ಬಯಲುಗಳಾಗಿಯೂ ಕಾಣಿಸತೊಡಗಿದವು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಬಸವನಗುಡಿಯ ಕಾರಂಜಿ ಕೆರೆಯ ಹೆಸರು ಕಾರಂಜಿ ಆಂಜನೇಯನ ಗುಡಿಯಲ್ಲಿ ಉಳಿದಿದೆ, ಕೆರೆ ಉಳಿದಿಲ್ಲ. ಸಂಪಂಗಿ ಕೆರೆಯ ನೀರನ್ನು ನಂಬಿ ತರಕಾರಿ, ಹೂವಿನ ತೋಟ ಮಾಡುತ್ತಿದ್ದ ತಿಗಳರು ಕೆರೆಯನ್ನು ಒಣಗಿಸುವ ಯೋಚನೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಡ್ಡಬಂದರೂ ಕೊನೆಗೆ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಧರ್ಮರಾಯನ ಗುಡಿಯ ಹಸಿ ಕರಗಕ್ಕಾಗಿ ಒಂದು ಪುಟ್ಟ ಕೊಳವನ್ನಷ್ಟೇ ಉಳಿಸಿಕೊಳ್ಳಲಾಯಿತು. ಆಚರಣೆಗೆ ಬೇಕಾದಷ್ಟು ನೀರನ್ನು ಉಳಿಸಿ ಬೇಸಾಯಕ್ಕೆ ಬೇಕಾದುದನ್ನು ಬಿಟ್ಟುಕೊಡುವುದು ಬೆಂಗಳೂರಿಗೆ ಅಲ್ಲಿಂದಾಚೆಗೆ ರೂಢಿಯಾಯಿತು. ಕಡಲೆಕಾಯಿ ಪರಿಷೆಯದೂ ಅದೇ ಗತಿ: ದಿಣ್ಣೆಯಲ್ಲಿ ಒಂದು ಹೊಲವೂ ಉಳಿದಿಲ್ಲದಿದ್ದರೂ ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳ ಕಡೆಯಿಂದ, ತಮಿಳುನಾಡು, ಆಂಧ್ರಗಳಿಂದ ಮೂಟೆಗಳು ಬಂದು ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ರಾಶಿ ಬೀಳುತ್ತವೆ.

ಸ್ವಾತಂತ್ರ್ಯಾನಂತರದ ಭೂಸುಧಾರಣೆ ನ್ಯಾಯದ ದೃಷ್ಟಿಯಿಂದ ಆಗಲೇಬೇಕಾಗಿದ್ದದ್ದು. 1954 ಮತ್ತು 1955ರ ಮೈಸೂರು ಕಾಯಿದೆಗಳು ವ್ಯಕ್ತಿಗಳಿಗೂ ಧಾರ್ಮಿಕ ಸಂಸ್ಥೆಗಳಿಗೂ ಸೇರಿದ ಇನಾಮುಗಳನ್ನು ರದ್ದುಪಡಿಸಿದವು; 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗರಿಂದ ಹಿಡಿದು ತೋಟಿ, ತಳವಾರ, ನೀರಗಂಟಿಯವರೆಗಿನ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ನೀರಗಂಟಿ ಇನಾಂತಿ ಭೂಮಿ ಅದೇ ಕುಟುಂಬಗಳಿಗೆ ಮರುಮಂಜೂರಾದಾಗ ತಲೆಮಾರುಗಳ ದುಡಿಮೆಗೆ ಸ್ವಲ್ಪವಾದರೂ ಋಣ ಸಂದಂತಾಯಿತು. ಆದರೆ ನೀರು ಹಾಯಿಸುವ ಕೆಲಸವನ್ನು ಮುಂದೆ ಯಾರು, ಯಾವ ಸಂಬಳಕ್ಕೆ ಮಾಡಬೇಕೆಂಬುದನ್ನು ಆ ಕಾಯಿದೆ ಯೋಚಿಸಿರಲಿಲ್ಲ, ಅದರ ಕೆಲಸವೂ ಅದಾಗಿರಲಿಲ್ಲ. ಬೆಂಗಳೂರಿನ ಸುತ್ತಲಿನ ಅಂತಹ ಭೂಮಿಯಲ್ಲಿ ಬಹುಪಾಲು ಮುಂದೆ ನಿವೇಶನವಾಯಿತು.

ನಗರದ ಅಂಚಿನ ರೈತರಿಗೆ ಸರ್ಕಾರದ ನೆರವೇ ಇರಲಿಲ್ಲವೆಂದಲ್ಲ. ತೋಟಗಾರಿಕೆ ಇಲಾಖೆಯ ಎಂ. ಎಚ್. ಮರಿಗೌಡರ ಆಸಕ್ತಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಹಾಪ್‌ಕಾಮ್ಸ್ ಆಗಿ ಬೆಳೆದ ಸಂಸ್ಥೆ, ಸುತ್ತಲಿನ ತೋಟಗಳ ಹಣ್ಣು ತರಕಾರಿಗೆ ಬಸವನಗುಡಿಯಂತಹ ಬಡಾವಣೆಗಳ ಬೀದಿಮೂಲೆಗಳಲ್ಲಿ ನೇರವಾದ ಮಾರುಕಟ್ಟೆ ಕಟ್ಟಿಕೊಟ್ಟಿತು. ಗಾಂಧಿ ಬಜಾರಿನ ಗ್ರಾಹಕನಿಗೂ ತೋಟದ ರೈತನಿಗೂ ಇದರಿಂದ ಲಾಭವಾದದ್ದು ನಿಜ. ಆದರೂ ಅದು ಬೆಳೆಗೆ ಸಂದ ಬೆಂಬಲ, ನೆಲಕ್ಕೆ ಸಂದದ್ದಲ್ಲ. ತೋಟದ ಎಕರೆಯೊಂದಕ್ಕೆ ಬಡಾವಣೆಯ ಬೆಲೆ ಬಂದ ದಿನ ಯಾವ ದ್ರಾಕ್ಷಿಯೂ ಅದರ ಎದುರು ನಿಲ್ಲಲಾರದು.

ನೆಲವನ್ನು ಉಳಿಸಲು ಸರ್ಕಾರ ಹಿಡಿದ ದಾರಿ ನಿಷೇಧದ್ದು. 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣ ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಲು ಜಿಲ್ಲಾಧಿಕಾರಿಯ ಅನುಮತಿ ಬೇಕೆಂದಿತು. ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿ, 79ಎ ಮತ್ತು 79ಬಿ ಪ್ರಕರಣಗಳ ಮೂಲಕ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯಿತು. 2020ರಲ್ಲಿ ಆ ತಡೆ ತೆರವಾಯಿತು. 1984ರ ಸಮಗ್ರ ಅಭಿವೃದ್ಧಿ ಯೋಜನೆ ನಗರದ ಸುತ್ತ ಹಸಿರುಪಟ್ಟಿಯನ್ನು, ಅಂದರೆ ಕಟ್ಟಡಗಳಿಗೆ ಬಿಡದೆ ಕೃಷಿಗೇ ಮೀಸಲಿಟ್ಟ ವಲಯವನ್ನು, ನಕ್ಷೆಯ ಮೇಲೆ ಗುರುತಿಸಿತು. ಅದೇ ದಶಕದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ಬೆಂಗಳೂರಿನ ಉಳಿದ ಕೆರೆಗಳನ್ನು ಒತ್ತುವರಿಯಿಂದ, ಒಡೆಯುವುದರಿಂದ ಕಾಪಾಡಲು ಶಿಫಾರಸು ಮಾಡಿತು. 2003ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಕೈಗಾರಿಕೆಗೂ ಬಡಾವಣೆಗೂ ಮಿತಿ ಹಾಕಿದ ಅಧಿಸೂಚನೆ ಬಂದಿತು, 2019ರಲ್ಲಿ ಅದರ ಬಿಗಿ ಸಡಿಲವಾಯಿತು. ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತಳ್ಳಿಹಾಕಿತು.

ಈ ನಿಯಮಗಳೆಲ್ಲವೂ ರೈತನಿಗೆ ಏನನ್ನು ಮಾಡಬಾರದೆಂದು ಹೇಳುತ್ತವೆ. ಹಸಿರುಪಟ್ಟಿಯೊಳಗೆ ರಾಗಿ ಬಿತ್ತುತ್ತ ಉಳಿದವನ ನೆರೆಯವನು, ಪಟ್ಟಿಯ ಗೆರೆಯಿಂದ ಹೊರಗೆ ಬಿದ್ದ ಅದೃಷ್ಟಕ್ಕೆ, ಕೋಟಿಗಳಿಗೆ ಭೂಮಿ ಮಾರುತ್ತಾನೆ. ಒಳಗೆ ಉಳಿದವನು ಅಂತರ್ಜಲಕ್ಕೂ ಗಾಳಿಗೂ ಮಾಡಿದ ಉಪಕಾರಕ್ಕೆ ಇಡೀ ನಗರ ಒಂದು ಪೈಸೆಯನ್ನೂ ತೆರುವುದಿಲ್ಲ. ಹೀಗಿರುವಾಗ ಪ್ರತಿಯೊಂದು ಪರಿಷ್ಕೃತ ಯೋಜನೆಯಲ್ಲಿಯೂ ಗೆರೆಯನ್ನು ಒಳಕ್ಕೆ ಸರಿಸಬೇಕೆಂದು ಒತ್ತಾಯಿಸುವವರ ಸಾಲಿನಲ್ಲಿ ರೈತರೂ ನಿಲ್ಲುವುದನ್ನು ದುರಾಸೆಯೆಂದು ಜರೆಯುವುದು ಸರಿಯಲ್ಲ. ಸಿರಿಮಯ್ಯನ ಕಾಲದ ಆಡಳಿತ ಎಷ್ಟೇ ಅಸಮಾನವಾಗಿದ್ದರೂ ಕೆರೆ ಉಳಿದರೆ ಲಾಭವೆಂಬ ಸ್ಥಿತಿಯಲ್ಲಿ ಒಬ್ಬನನ್ನಾದರೂ ನಿಲ್ಲಿಸಿತ್ತು. ಹಸಿರುಪಟ್ಟಿ ಅಂತಹ ಒಬ್ಬನನ್ನೂ ಸೃಷ್ಟಿಸಲಿಲ್ಲ. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ, 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿದ ಜಲಸಂವರ್ಧನೆ ಯೋಜನೆ, 2014ರ ಕೃಷಿಭಾಗ್ಯದ ಹೊಂಡಗಳು ಬಹುತೇಕ ದೂರದ ಬಯಲುಸೀಮೆಯ ಜಿಲ್ಲೆಗಳಿಗೆ ಸಲ್ಲುವಂಥವು, ಅವುಗಳ ನೆರವು ಕಾಮಗಾರಿಗೆ ಮಾತ್ರ, ಕಾಮಗಾರಿ ಮುಗಿದ ಮೇಲಿನ ಪಾಲನೆಗಲ್ಲ.

ದಿಣ್ಣೆಯಿಂದ ಇಳಿಯುವ ನೀರು ಮಾತ್ರ ಹಳೆಯ ದಾರಿಗಳಲ್ಲಿಯೇ ಇಂದಿಗೂ ಹೋಗುತ್ತಿದೆ. ಪಶ್ಚಿಮಕ್ಕೆ ವೃಷಭಾವತಿ ಊರಿನ ಕೊಳಚೆಯನ್ನೂ ಕಾರ್ಖಾನೆಗಳ ವಿಸರ್ಜನೆಯನ್ನೂ ಹೊತ್ತು, 1940ರ ದಶಕದಲ್ಲಿ ಬೇಸಾಯಕ್ಕೆಂದೇ ಕಟ್ಟಿದ ಬೈರಮಂಗಲದ ಜಲಾಶಯವನ್ನು ಸೇರುತ್ತದೆ. ಅಲ್ಲಿನ ಅಚ್ಚುಕಟ್ಟಿನ ರೈತರು ಭತ್ತವನ್ನು ಬಿಟ್ಟು ಬಹುಮಟ್ಟಿಗೆ ಮೇವಿನ ಹುಲ್ಲು, ತೆಂಗು, ಹಿಪ್ಪುನೇರಳೆಗಳಿಗೆ ಹೊರಳಿದ್ದಾರೆ. ಪೂರ್ವದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯೊಂದಿಗೆ ಕೋಲಾರದ ಕಡೆಗೆ ಪಂಪು ಮಾಡುವ ಯೋಜನೆ 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಗಿ ನೂರಕ್ಕೂ ಹೆಚ್ಚು ಕೆರೆಗಳನ್ನು ಒಳಗೊಂಡಿದೆ. ಒಣಗಿದ ಸೀಮೆಯ ಕೃಷಿಗೆ ನಗರ ಮತ್ತು ಸರ್ಕಾರ ಕೂಡಿ ಕೊಟ್ಟ ಇಷ್ಟು ದೊಡ್ಡ ನೆರವು ಈಚಿನ ದಶಕಗಳಲ್ಲಿ ಮತ್ತೊಂದಿಲ್ಲ. ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರು ಮಣ್ಣಿಗೂ ಅಂತರ್ಜಲಕ್ಕೂ ಏನು ಮಾಡೀತೆಂಬ ವಾದವೂ ಅಂದಿನಿಂದ ನ್ಯಾಯಾಲಯದಲ್ಲಿಯೂ ಊರುಗಳಲ್ಲಿಯೂ ನಡೆದಿದೆ. ಯೋಜನೆಯ ಪ್ರಕಾರ ಆ ನೀರು ಅಂತರ್ಜಲದ ಮರುಪೂರಣಕ್ಕೆ ಮಾತ್ರವಾದುದರಿಂದ, ಅದನ್ನು ಕೆರೆಯಿಂದ ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ತೂಬುಗಳು ಮುಚ್ಚಿರುತ್ತವೆ, ರೈತರು ನೀರೆತ್ತುವುದು ಅವರವರ ಕೊಳವೆಬಾವಿಗಳಿಂದ, ಏರಿಯ ಮತ್ತು ಕಾಲುವೆಗಳ ಉಸ್ತುವಾರಿ ಸಣ್ಣ ನೀರಾವರಿ ಇಲಾಖೆಯದು.